ವರ್ಟ್ ತಣಿಸುವ ಚಿಲ್ಲರ್ ಮನೆಯಲ್ಲೇ ಮಾಡುವುದು: ಪೈಪ್ ಎಷ್ಟು ಉದ್ದ ಬೇಕು?

ಪ್ರಶ್ನೆ: ನಾನು ಮನೆಯಲ್ಲಿ ಒಂದು ಸಲಕ್ಕೆ 20 ಲೀಟರ್ ಬಿಯರ್ ಮಾಡುತ್ತೇನೆ. ವರ್ಟ್ (ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿ ರಸ) ಕುದಿಸಿದ ಮೇಲೆ ಪಾತ್ರೆಯನ್ನು ನೀರಿನ ಟಬ್ಬಿನಲ್ಲಿಟ್ಟು ತಣಿಸುತ್ತೇನೆ. ಎರಡು ಗಂಟೆ ಕಾದರೂ ಯೀಸ್ಟ್ ಹಾಕುವಷ್ಟು ತಣ್ಣಗಾಗುವುದಿಲ್ಲ. ತಾಮ್ರದ ಪೈಪ್ ಸುತ್ತಿ ಚಿಲ್ಲರ್ ಮಾಡಿಕೊಳ್ಳೋಣ ಅಂದುಕೊಂಡಿದ್ದೇನೆ. 15 ಮೀಟರ್ ಪೈಪ್ ಹಾಕಿದರೆ ಸಾಕಾ, ಇನ್ನೂ ಬೇಕಾ? ಸ್ಟೀಲ್ ಪೈಪ್ ಆಗುತ್ತದೆಯೇ? ನಮ್ಮ ನಲ್ಲಿ ನೀರೇ ಬೆಚ್ಚಗಿರುತ್ತದೆ, ಅದಕ್ಕೇನು ಮಾಡುವುದು?

ಉತ್ತರ: 20 ಲೀಟರಿಗೆ 10 ಮೀಟರ್ ಸಾಕು. 15 ಮೀಟರ್ ತಂದರೆ ಮಿಕ್ಕ 5 ಮೀಟರಿನ ದುಡ್ಡು ದಂಡ. ಪೈಪ್ ಉದ್ದ ಮಾಡಿದಷ್ಟೂ ಬೇಗ ತಣಿಯುತ್ತದೆ ಅನ್ನುವುದು ಎಲ್ಲರಿಗೂ ಮೊದಲು ಬರುವ ಯೋಚನೆ. ಆದರೆ ಒಂದು ಮಟ್ಟ ದಾಟಿದ ಮೇಲೆ ಪೈಪಿನ ಉದ್ದ ಅಷ್ಟೇನೂ ಲೆಕ್ಕಕ್ಕೆ ಬರುವುದಿಲ್ಲ. ಪೈಪಿನ ಸುತ್ತ ಇರುವ ವರ್ಟ್ ಓಡಾಡುತ್ತಿದೆಯೋ ಸುಮ್ನೆ ನಿಂತಿದೆಯೋ ಅನ್ನುವುದೇ ಮುಖ್ಯ. ಇದನ್ನು ಕೊಂಚ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದ ಎಲ್ಲ ತೀರ್ಮಾನಗಳೂ ಇದರ ಮೇಲೇ ನಿಂತಿವೆ.

ಬಿಸಿ ನೀರಿನ ಬಕೆಟ್ಟಿನಲ್ಲಿ ಕೈ ಇಟ್ಟು ಅಲ್ಲಾಡಿಸದೆ ಇದ್ದರೆ ಹೇಗೋ ತಡೆದುಕೊಳ್ಳಬಹುದು. ಕೈ ಅಲ್ಲಾಡಿಸಿದ ತಕ್ಷಣ ಚುರುಕ್ ಅನ್ನುತ್ತದೆ, ಅಲ್ವಾ? ಕೈಗೆ ತಾಗಿಕೊಂಡಿದ್ದ ತೆಳು ಪದರದ ನೀರು ಆಗಲೇ ತನ್ನ ಬಿಸಿ ಕಳೆದುಕೊಂಡಿತ್ತು. ಅಲ್ಲಾಡಿಸಿದಾಗ ಅದು ಸರಿದು ಹೊಸ ಬಿಸಿ ನೀರು ಬಂದು ತಾಗಿತು. ತಾಮ್ರದ ಸುರುಳಿಯ ಸುತ್ತಲೂ ನಡೆಯುವುದು ಇದೇ. ಒಳಗೆ ತಣ್ಣೀರು ಹರಿಯುತ್ತದೆ, ಹೊರಗೆ ಪೈಪಿಗೆ ಅಂಟಿಕೊಂಡ ವರ್ಟ್ ಬೇಗ ತಣ್ಣಗಾಗಿ ಅಲ್ಲೇ ನಿಲ್ಲುತ್ತದೆ. ನಾಲ್ಕು ಬೆರಳು ದೂರದ ವರ್ಟ್ ಇನ್ನೂ ಕುದಿಯುವಷ್ಟು ಬಿಸಿ ಇರುತ್ತದೆ. ಹೀಗಿರುವಾಗ ಇನ್ನೂ ಐದು ಮೀಟರ್ ಪೈಪ್ ಸೇರಿಸುವುದಕ್ಕಿಂತ ನಿಧಾನವಾಗಿ ಕಲಕುವುದೇ ಜಾಸ್ತಿ ಕೆಲಸ ಮಾಡುತ್ತದೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಚಿಲ್ಲರ್ ಓಡುತ್ತಿರುವಾಗ ನೀರು ಹೊರಬರುವ ಪೈಪನ್ನು ಮುಟ್ಟಿ ನೋಡಿ. ಮೊದಲ ಕೆಲವು ನಿಮಿಷ ಬೇಡ, ಕೈ ಸುಡುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಪೈಪ್ ಉಗುರುಬೆಚ್ಚಗೆ ಅನ್ನಿಸುತ್ತದೆ. ಆಗ ವರ್ಟನ್ನು ಒಂದು ಸುತ್ತು ಕಲಕಿ. ಕೆಲವೇ ಸೆಕೆಂಡಿನಲ್ಲಿ ಆ ಪೈಪ್ ಮತ್ತೆ ಬಿಸಿಯಾಗುತ್ತದೆ. ಹೊರಹೋಗುವ ನೀರು ಬಿಸಿಯಾದಷ್ಟೂ ವರ್ಟಿನ ಶಾಖ ಹೊರಗೆ ಹೋಗುತ್ತಿದೆ ಎಂದರ್ಥ.

ಇಷ್ಟು ಅವಸರದಲ್ಲಿ ತಣಿಸುವುದಾದರೂ ಯಾಕೆ? ಕಾರಣಗಳು ಕೆಲವಿವೆ, ಎಲ್ಲವೂ ಒಂದೇ ತೂಕದವಲ್ಲ. ಮೊದಲನೆಯದು ಸೋಂಕು. ಕುದಿಯುವಾಗ ವರ್ಟಿನಲ್ಲಿ ಬದುಕಿ ಬೆಳೆಯುವಂಥದ್ದು ಏನೂ ಇರುವುದಿಲ್ಲ. 50 ಡಿಗ್ರಿಗಿಂತ ಕೆಳಗೆ ಬಂದ ಮೇಲೆ ಬ್ಯಾಕ್ಟೀರಿಯಾಗಳಿಗೆ ಅದು ಸಿಹಿಯಾದ, ಬೆಚ್ಚನೆಯ ಊಟ. ಯೀಸ್ಟ್ ಬಂದು ಜಾಗ ಹಿಡಿಯುವ ತನಕ ಆ ಹೊತ್ತು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಎರಡನೆಯದು ಡೈಮೀಥೈಲ್ ಸಲ್ಫೈಡ್ ಎಂಬ ವಸ್ತು. ಬೇಯಿಸಿದ ಮೆಕ್ಕೆಜೋಳದ ವಾಸನೆ ಬರುವುದು ಇದರಿಂದ. ತಿಳಿಬಣ್ಣದ ಪಿಲ್ಸ್ನರ್ ಮಾಲ್ಟಿನಲ್ಲಿ ಇದರ ಮೂಲವಸ್ತು ಜಾಸ್ತಿ. ವರ್ಟ್ ಬಿಸಿಯಾಗಿರುವಷ್ಟು ಹೊತ್ತೂ ಇದು ಹುಟ್ಟುತ್ತಿರುತ್ತದೆ. ಕುದಿಯುವಾಗ ಹಬೆಯ ಜೊತೆ ಹಾರಿಹೋಗುತ್ತದೆ, ಕುದಿ ನಿಂತ ಮೇಲೆ ಒಳಗೇ ಉಳಿಯುತ್ತದೆ. ಮೂರನೆಯದು ಹಾಪ್ಸ್, ಅಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು. ಒಲೆ ಆರಿಸಿದರೂ ಸುಮಾರು 80 ಡಿಗ್ರಿಗೆ ಇಳಿಯುವ ತನಕ ಹಾಪ್ಸಿನಿಂದ ಕಹಿ ಇಳಿಯುತ್ತಲೇ ಇರುತ್ತದೆ. ಪರಿಮಳಕ್ಕೆಂದು ಕೊನೆಯಲ್ಲಿ ಹಾಕಿದ ಹಾಪ್ಸ್ ಸುಮ್ನೆ ಕಹಿ ಕೊಡಲು ಶುರು ಮಾಡುತ್ತದೆ. ಇನ್ನು ಬೇಗ ತಣಿಸಿದರೆ ಪ್ರೋಟೀನ್ ಹೆಪ್ಪುಗಟ್ಟಿ ಗಸಿಯಾಗಿ ತಳಕ್ಕೆ ಕೂರುತ್ತದೆ, ಬಿಯರ್ ತಿಳಿಯಾಗುತ್ತದೆ ಎನ್ನುತ್ತಾರೆ. ಅದೂ ನಿಜವೇ, ಆದರೆ ತಿಳಿಯಾಗಲು ಬೇರೆ ದಾರಿಗಳೂ ಇವೆ. ಅದೊಂದಕ್ಕಾಗಿ ಚಿಲ್ಲರ್ ಮಾಡಿ ಎಂದು ನಾನು ಹೇಳುವುದಿಲ್ಲ.

ಈಗ ಪೈಪಿನ ವಿಷಯ. ಹೊರ ಅಳತೆ 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ. ಇರುವ ಮೆತ್ತನೆಯ ತಾಮ್ರದ ಪೈಪ್ ತನ್ನಿ. ಎಸಿ, ಫ್ರಿಜ್ ಕೆಲಸದವರು ಬಳಸುವ, ರೋಲ್ ಸುತ್ತಿ ಮಾರುವ ಪೈಪ್ ಇದು. ಉದ್ದುದ್ದ ಕೋಲಿನಂತೆ ಸಿಗುವ ಗಟ್ಟಿ ತಾಮ್ರ ಬೇಡ, ಅದನ್ನು ಬಾಗಿಸಲು ಹೋದರೆ ಚಪ್ಪಟೆಯಾಗುತ್ತದೆ. ಹಳೆ ಎಸಿಯಿಂದ ಬಿಚ್ಚಿದ ಪೈಪೂ ಬೇಡ. ಅದರಲ್ಲಿ ಕಂಪ್ರೆಸರಿನ ಎಣ್ಣೆ ಇರುತ್ತದೆ.

10 ಮೀಟರ್ ಎಂದು ಹೇಗೆ ಹೇಳಿದೆ? ನಿಮ್ಮ ಪಾತ್ರೆಯ ಅಡ್ಡಳತೆ 35 ಸೆಂ.ಮೀ. ಇದೆ ಎಂದುಕೊಳ್ಳೋಣ. ಅದರಲ್ಲಿ 20 ಲೀಟರ್ ವರ್ಟ್ ಸುಮಾರು 21 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಸುರುಳಿಯ ಅಡ್ಡಳತೆ 25 ಸೆಂ.ಮೀ. ಇಟ್ಟರೆ ಒಂದು ಸುತ್ತಿಗೆ 78 ಸೆಂ.ಮೀ. ಪೈಪ್ ಬೇಕು. ಮೇಲೆ ಬಂದು ಹೊರಗೆ ಬಾಗುವ ಎರಡು ತೋಳುಗಳಿಗೆ ಒಂದೂವರೆ ಮೀಟರ್ ಬಿಡಿ. ಉಳಿದ ಎಂಟೂವರೆ ಮೀಟರಿನಲ್ಲಿ ಹತ್ತು ಹನ್ನೊಂದು ಸುತ್ತು ಬರುತ್ತವೆ. ಸುತ್ತಿನಿಂದ ಸುತ್ತಿಗೆ ಅರ್ಧ ಸೆಂ.ಮೀ. ಸಂದು ಬಿಟ್ಟರೆ ಸುರುಳಿಯ ಎತ್ತರ ಸುಮಾರು 16 ಸೆಂ.ಮೀ. ಆಗುತ್ತದೆ. ಪೂರ್ತಿ ವರ್ಟಿನೊಳಗೆ ಮುಳುಗುತ್ತದೆ. 15 ಮೀಟರ್ ಹಾಕಿದರೆ ಹದಿನೇಳು ಸುತ್ತು, 25 ಸೆಂ.ಮೀ. ಎತ್ತರ. ಮೇಲಿನ ಸುತ್ತುಗಳು ವರ್ಟಿನಿಂದ ಹೊರಗೆ ನಿಂತು ಗಾಳಿ ತಣಿಸುತ್ತಿರುತ್ತವೆ! ಒಳಗೊಂದು ಹೊರಗೊಂದು ಎಂದು ಜೋಡಿ ಸುರುಳಿ ಮಾಡಿದರೆ 15 ಮೀಟರ್ ಹಿಡಿಸಬಹುದು, ಆದರೆ ಮೊದಲ ಸಲಕ್ಕೆ ಆ ತಾಪತ್ರಯ ಬೇಡ.

ಉದ್ದದ ಇನ್ನೊಂದು ತೊಂದರೆ ಒತ್ತಡ. ಪೈಪ್ ಉದ್ದವಾದಷ್ಟೂ ನೀರು ಹರಿಯಲು ಅಡ್ಡಿ ಜಾಸ್ತಿ. 3/8 ಇಂಚಿನ 10 ಮೀಟರ್ ಪೈಪಿನಲ್ಲಿ ನಿಮಿಷಕ್ಕೆ 6 ಲೀಟರ್ ಹರಿಸಬೇಕಾದರೆ ಹೆಚ್ಚುಕಡಿಮೆ 6 ಮೀಟರ್ ಎತ್ತರದ ಟ್ಯಾಂಕಿನಷ್ಟು ಒತ್ತಡ ಬೇಕು. ನಿಮ್ಮ ನಲ್ಲಿಯ ಒತ್ತಡ ಕಡಿಮೆ ಇದ್ದರೆ ಉದ್ದ ಹೆಚ್ಚಿಸುವ ಬದಲು ಅರ್ಧ ಇಂಚಿನ ಪೈಪ್ ತೆಗೆದುಕೊಳ್ಳಿ. ಬಾಗಿಸುವುದು ಕೊಂಚ ಕಷ್ಟ, ನೀರು ಮಾತ್ರ ಸಲೀಸಾಗಿ ಹರಿಯುತ್ತದೆ.

ಸ್ಟೀಲ್ ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಇದನ್ನು ಕೇಳಿದವರು ಸ್ಟೀಲ್ ದಂಡ ಎಂದುಕೊಳ್ಳುತ್ತಾರೆ. ಆದರೆ ಪೈಪಿನ ಗೋಡೆ ಒಂದು ಮಿಲಿಮೀಟರಿಗಿಂತ ತೆಳು. ಅಷ್ಟು ತೆಳು ಗೋಡೆಯನ್ನು ದಾಟಲು ಶಾಖಕ್ಕೆ ಸ್ಟೀಲಿನಲ್ಲೂ ಅಂಥ ಕಷ್ಟವಿಲ್ಲ. ನಿಜವಾದ ತಡೆ ಗೋಡೆಯಲ್ಲಿಲ್ಲ, ಪೈಪಿಗೆ ಅಂಟಿ ನಿಂತ ಆ ವರ್ಟ್ ಪದರದಲ್ಲಿದೆ. ಹಾಗಾಗಿ ಕಲಕುತ್ತಿದ್ದರೆ ಎರಡರ ನಡುವಿನ ವ್ಯತ್ಯಾಸ ಕೆಲವು ನಿಮಿಷ ಅಷ್ಟೇ. ನಾನು ತಾಮ್ರವನ್ನು ಹೇಳುವುದು ಬೇರೆ ಕಾರಣಕ್ಕೆ: ಅದು ಕೈಯಲ್ಲೇ ಬಾಗುತ್ತದೆ. ಸ್ಟೀಲ್ ಹಠ ಮಾಡುತ್ತದೆ, ಬಾಗಿಸಿ ಬಿಟ್ಟರೆ ವಾಪಸ್ ಚಿಮ್ಮುತ್ತದೆ. ಸಿದ್ಧ ಸ್ಟೀಲ್ ಸುರುಳಿ ಕೈಗೆಟುಕುವಂತೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ.

ಸುತ್ತಲು ಒಂದು ಗುಂಡಗಿನ ಆಸರೆ ಬೇಕು. ಪಾತ್ರೆಯ ಒಳ ಅಡ್ಡಳತೆಗಿಂತ 10 ಸೆಂ.ಮೀ.ನಷ್ಟು ಚಿಕ್ಕದಾದ ಡಬ್ಬ, ಬಕೆಟ್, ಸಿಲಿಂಡರ್ ಯಾವುದಾದರೂ ಸರಿ, ಒತ್ತಿದರೆ ಒಳಗೆ ಹೋಗುವಂಥದ್ದು ಬೇಡ. ಪೈಪ್ ರೋಲಿನಲ್ಲಿ ಯಾವ ದಿಕ್ಕಿಗೆ ಸುತ್ತಿಕೊಂಡಿದೆಯೋ ಅದೇ ದಿಕ್ಕಿನಲ್ಲಿ ಸುತ್ತಿ. ಎರಡೂ ತುದಿಗೆ ಟೇಪ್ ಹಚ್ಚಿ, ಧೂಳು ಒಳಗೆ ಹೋಗದಿರಲಿ. ಮೊದಲ 75 ಸೆಂ.ಮೀ. ಬಿಟ್ಟು ಶುರು ಮಾಡಿ. ಒಬ್ಬರು ಡಬ್ಬ ತಿರುಗಿಸುತ್ತಾ ಇನ್ನೊಬ್ಬರು ಪೈಪ್ ಒತ್ತಿ ಹಿಡಿಯುತ್ತಾ ಹೋದರೆ ಹತ್ತು ನಿಮಿಷದ ಕೆಲಸ. ಒಬ್ಬರೇ ಮಾಡುವುದಾದರೆ ಅಂಗೈಯಿಂದ ಒಂದೊಂದು ಗೇಣು ಒತ್ತುತ್ತಾ ಹೋಗಿ. ಬೆರಳ ತುದಿಯಿಂದ ಒತ್ತಬೇಡಿ, ಅಲ್ಲೇ ತಗ್ಗಾಗುತ್ತದೆ. ಇಷ್ಟು ಅಗಲದ ಸುತ್ತಿಗೆ 3/8 ಇಂಚಿನ ಪೈಪ್ ಮಡಚಿಕೊಳ್ಳುವುದಿಲ್ಲ, ಧೈರ್ಯವಾಗಿ ಮಾಡಿ.

ಮಡಚಿಕೊಳ್ಳುವ ಭಯ ಇರುವುದು ತೋಳುಗಳಲ್ಲಿ. ತಳದ ತುದಿ ನೇರ ಮೇಲೆ ಬರಬೇಕು, ಆಮೇಲೆ ಎರಡೂ ತುದಿಗಳು ಪಾತ್ರೆಯ ಅಂಚನ್ನು ದಾಟಿ ಹೊರಗೆ ಕೆಳಮುಖವಾಗಿ ಬಾಗಬೇಕು. ಇಂಥ ಬಿಗಿ ತಿರುವಿಗೆ ಪೈಪಿನ ಮೇಲೆ ತೂರಿಸುವ ಬಾಗಿಸುವ ಸ್ಪ್ರಿಂಗ್ ಸಿಗುತ್ತದೆ, ಅದನ್ನು ಬಳಸಿ. ಬೇಕಾದುದಕ್ಕಿಂತ ಒಂದು ಚೂರು ಜಾಸ್ತಿ ಬಾಗಿಸಿ ಆಮೇಲೆ ವಾಪಸ್ ತನ್ನಿ. ಹಾಗೆ ಮಾಡಿದರೆ ಸ್ಪ್ರಿಂಗ್ ಸಡಿಲವಾಗಿ, ತಿರುಚುತ್ತಾ ಎಳೆದಾಗ ಹೊರಬರುತ್ತದೆ.

ಹೊರಗೆ ಕೆಳಮುಖವಾಗಿ ಬಾಗಬೇಕು ಎಂದೆನಲ್ಲ, ಇಡೀ ಕೆಲಸದಲ್ಲಿ ನಾನು ಪಟ್ಟು ಹಿಡಿದು ಹೇಳುವ ಮಾತು ಇದೊಂದೇ. ಹೋಸ್ ಸೇರುವ ಜಾಗ ಎಂದಾದರೂ ಒಂದು ದಿನ ಜಿನುಗಿಯೇ ಜಿನುಗುತ್ತದೆ. ಆ ಜಾಗ ಪಾತ್ರೆಯ ಹೊರಗೆ, ಅಂಚಿಗಿಂತ ಕೆಳಗೆ ಇದ್ದರೆ ನೀರು ನೆಲಕ್ಕೆ ಬೀಳುತ್ತದೆ. ಪಾತ್ರೆಯ ಮೇಲೇ ಇದ್ದರೆ ಕುದಿಸದ ನೀರು ತಣ್ಣಗಾದ ವರ್ಟಿಗೆ ಬೀಳುತ್ತದೆ. ಅದಕ್ಕೇ ಅಂಚು ದಾಟಿ ಕನಿಷ್ಠ 10 ಸೆಂ.ಮೀ. ಕೆಳಗೆ ಇಳಿಸಿ. ಪಾತ್ರೆಯೊಳಗೆ ಒಂದೂ ಜೋಡಣೆ ಇರಬಾರದು, ಇಡೀ ಸುರುಳಿ ಒಂದೇ ಪೈಪ್ ಆಗಿರಲಿ.

ಬೆಸುಗೆ ಹಾಕಲೇಬೇಕೆಂದಿಲ್ಲ. ಪೈಪಿನ ಮೇಲೆ ಬಿಗಿಯಾಗಿ ಕೂರುವ ಹೋಸ್ ತೂರಿಸಿ, ತುದಿಗೆ ಎರಡೆರಡು ಹೋಸ್ ಕ್ಲಿಪ್ ಬಿಗಿದರೆ ಸಾಕು. ಬೆಸುಗೆ ಹಾಕುವುದೇ ಆದರೆ ಸೀಸವಿಲ್ಲದ್ದು ಬಳಸಿ. ನೀರು ಹೊರಬರುವ ಕಡೆಗೆ ಸಿಲಿಕೋನ್ ಹೋಸ್ ಹಾಕಿ. ಸಾಮಾನ್ಯ ಪ್ಲಾಸ್ಟಿಕ್ ಹೋಸ್ ಆ ಬಿಸಿಗೆ ಮೆತ್ತಗಾಗಿ ಕಳಚಿಕೊಂಡರೆ ಕುದಿ ನೀರು ಕಾಲಿನ ಮೇಲೆ ಚಿಮ್ಮುತ್ತದೆ. ಸುತ್ತುಗಳ ನಡುವಿನ ಸಂದು ಹಾಗೇ ಉಳಿಯಲು ಮೂರು ಕಡೆ ಬರಿ ತಾಮ್ರದ ತಂತಿಯನ್ನು ಮೇಲಿನಿಂದ ಕೆಳಗೆ ಹೆಣೆಯಿರಿ. ಸತು ಲೇಪಿಸಿದ ಕಬ್ಬಿಣದ ತಂತಿ ಬೇಡ. ವರ್ಟ್ ಹುಳಿಯ ಗುಣದ್ದು, ಸತುವನ್ನು ಕರಗಿಸುತ್ತದೆ. ಸುರುಳಿ ತಳಕ್ಕೆ ಅಂಟದೆ ಕೊಂಚ ಮೇಲೇ ನಿಲ್ಲಲಿ. ತಣಿದ ವರ್ಟ್ ಭಾರವಾಗಿ ತಾನೇ ಕೆಳಗಿಳಿಯುತ್ತದೆ, ಬಿಸಿ ವರ್ಟ್ ಮೇಲೆ ಬರುತ್ತದೆ. ಅದಕ್ಕೇ ತಣ್ಣೀರು ಮೊದಲು ಮೇಲಿನ ಸುತ್ತಿಗೆ ಹೋಗುವಂತೆ ಜೋಡಿಸುವುದು ವಾಸಿ. ದೊಡ್ಡ ಲಾಭವೇನಲ್ಲ, ಆದರೆ ಖರ್ಚೂ ಇಲ್ಲ.

ಬಳಸುವ ಮುಂಚೆ ಒಂದು ತುದಿ ಮುಚ್ಚಿ, ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿ. ಗುಳ್ಳೆ ಬಂದರೆ ಎಲ್ಲೋ ತೂತಿದೆ. ಆಮೇಲೆ ಹೋಸ್ ಸೇರಿಸಿ ಹತ್ತು ನಿಮಿಷ ನೀರು ಬಿಟ್ಟು ಜೋಡಣೆ ನೋಡಿ. ಹೊಸ ಪೈಪಿನ ಹೊರಮೈಗೆ ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ. ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಒಂದು ಸಲ ಕುದಿಸಿ, ಆ ನೀರು ಚೆಲ್ಲಿ. ಪೈಪಿನ ಒಳಗಡೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ವರ್ಟ್ ಅದನ್ನು ಮುಟ್ಟುವುದೇ ಇಲ್ಲ.

ಬಿಯರ್ ಮಾಡುವ ದಿನ, ಕುದಿ ಮುಗಿಯಲು 15 ನಿಮಿಷ ಇರುವಾಗ ಚಿಲ್ಲರ್ ಒಳಗೆ ಇಳಿಸಿ. ಬೇರೆ ಸ್ಯಾನಿಟೈಸರ್ ಬೇಕಿಲ್ಲ, ಕುದಿಯೇ ಶುದ್ಧ ಮಾಡುತ್ತದೆ. ತಣ್ಣನೆಯ ಲೋಹ ಇಳಿದಾಗ ಕುದಿ ಒಂದೆರಡು ನಿಮಿಷ ನಿಲ್ಲಬಹುದು, ಮತ್ತೆ ಕುದಿ ಬಂದ ಮೇಲೆ ಲೆಕ್ಕ ಹಿಡಿಯಿರಿ. ಇಳಿಸುವ ಮೊದಲು ಸುರುಳಿಯೊಳಗಿನ ಹಳೆ ನೀರನ್ನು ಊದಿ ತೆಗೆಯಿರಿ, ಹೊರಬರುವ ಹೋಸಿನ ತುದಿಯನ್ನು ಬಕೆಟ್ಟಿಗೆ ಕಟ್ಟಿ. ಒಳಗೆ ನೀರು ಉಳಿದಿದ್ದರೆ ಅದೂ ಕುದಿದು ಹಬೆಯಾಗಿ ಉಗುಳುತ್ತದೆ. ಆ ತುದಿಯನ್ನು ಎಂದೂ ಮುಚ್ಚಬೇಡಿ.

ಒಲೆ ಆರಿಸಿ ನಲ್ಲಿಯನ್ನು ನಿಧಾನವಾಗಿ ತೆರೆಯಿರಿ. ಮೊದಲು ಬರುವ ನೀರು ಹೆಚ್ಚುಕಡಿಮೆ ಕುದಿಯುವಷ್ಟೇ ಬಿಸಿ. ಅದನ್ನು ಚೆಲ್ಲಬೇಡಿ, ಪಾತ್ರೆ ತೊಳೆಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ. ಆಮೇಲೆ ನಲ್ಲಿಯನ್ನು ಜೋರು ಮಾಡಿ. ನೀರು ನಿಧಾನವಾಗಿ ಹರಿದರೆ ಶಾಖವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಹಲವರು ನಂಬುತ್ತಾರೆ. ಒಂದೊಂದು ಲೀಟರ್ ಜಾಸ್ತಿ ಶಾಖ ಒಯ್ಯುವುದೇನೋ ಸರಿ, ಆದರೆ ನಿಮಿಷಕ್ಕೆ ಒಟ್ಟು ಒಯ್ಯುವ ಶಾಖ ಕಡಿಮೆಯಾಗುತ್ತದೆ. ನಿಧಾನ ಮಾಡಿದರೆ ನೀರು ಉಳಿಯುತ್ತದೆ, ಹೊತ್ತು ಉಳಿಯುವುದಿಲ್ಲ. ಯಾವುದು ಬೇಕೋ ನೋಡಿಕೊಳ್ಳಿ. 20 ಲೀಟರ್ ವರ್ಟನ್ನು 100ರಿಂದ 25 ಡಿಗ್ರಿಗೆ ಇಳಿಸಲು 6,000 ಕಿಲೋಜೂಲಿಗಿಂತ ಜಾಸ್ತಿ ಶಾಖ ತೆಗೆಯಬೇಕು. ಹೊರಬರುವ ನೀರು ಒಳಹೋಗುವ ನೀರಿಗಿಂತ ಸರಾಸರಿ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ 75 ಲೀಟರ್ ನೀರು ಬೇಕು. ಕಲಕದೆ ಬಿಟ್ಟರೆ ಇದರ ಎರಡು ಪಟ್ಟು ಸುಲಭವಾಗಿ ಹರಿದುಹೋಗುತ್ತದೆ.

ಕಲಕಲು ಸೌಟೇ ಬೇಕೆಂದಿಲ್ಲ. ತೋಳುಗಳನ್ನು ದಪ್ಪ ಬಟ್ಟೆಯಿಂದ ಹಿಡಿದು ಸುರುಳಿಯನ್ನೇ ಮೆಲ್ಲಗೆ ಮೇಲೆ ಕೆಳಗೆ, ಅಕ್ಕಪಕ್ಕ ಆಡಿಸಿ. ನೊರೆ ಎಬ್ಬಿಸಬೇಡಿ, ಬಿಸಿ ವರ್ಟಿಗೆ ಗಾಳಿ ಬೆರೆಯುವುದು ಬೇಡ. 80 ಡಿಗ್ರಿಗೆ ಇಳಿಯುವ ತನಕ ಮುಚ್ಚಳ ತೆರೆದಿರಲಿ. ಆಮೇಲೆ ಅರೆಮುಚ್ಚಿ, ಧೂಳು ಬೀಳದಂತೆ ನೋಡಿಕೊಳ್ಳಿ.

ಇನ್ನು ನಿಮ್ಮ ಬೆಚ್ಚನೆ ನೀರಿನ ಸಮಸ್ಯೆ. ಇದಕ್ಕೆ ಒಂದು ಲೆಕ್ಕ ಗೊತ್ತಿರಲಿ. ನಲ್ಲಿ ನೀರು 20 ಡಿಗ್ರಿ ಇದೆ ಎನ್ನಿ. ವರ್ಟ್ 100ರಿಂದ 60ಕ್ಕೆ ಇಳಿಯಲು 5 ನಿಮಿಷ ಹಿಡಿದರೆ 60ರಿಂದ 40ಕ್ಕೂ ಸುಮಾರು 5 ನಿಮಿಷ, 40ರಿಂದ 30ಕ್ಕೂ 5, 30ರಿಂದ 25ಕ್ಕೂ 5. ನೀರಿಗೂ ವರ್ಟಿಗೂ ಇರುವ ಅಂತರ ಪ್ರತಿ ಸಲ ಅರ್ಧವಾಗುತ್ತಾ ಹೋಗುತ್ತದೆ, ಎಂದೂ ಸೊನ್ನೆ ಮುಟ್ಟುವುದಿಲ್ಲ. ನೀರೇ 28 ಡಿಗ್ರಿ ಇದ್ದರೆ ನೂರು ಮೀಟರ್ ತಾಮ್ರ ಹಾಕಿದರೂ ವರ್ಟ್ 28ಕ್ಕಿಂತ ಕೆಳಗೆ ಬರದು. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಬೇಕು, ಲಾಗರ್ ಎಂಬ ಬಗೆಯದಕ್ಕೆ ಇನ್ನೂ ಕಡಿಮೆ.

ಹೀಗಾಗಿ ಕೆಲಸವನ್ನು ಎರಡು ಭಾಗ ಮಾಡಿ. 35ರಿಂದ 40 ಡಿಗ್ರಿ ತನಕ ನಲ್ಲಿ ನೀರೇ ಇಳಿಸಲಿ. ಆಮೇಲೆ ನಲ್ಲಿ ನಿಲ್ಲಿಸಿ, ಐಸ್ ಹಾಕಿದ ನೀರಿನ ಬಕೆಟ್ಟಿನಲ್ಲಿ ಸಣ್ಣ ಮುಳುಗು ಪಂಪ್ ಇಟ್ಟು ಅದೇ ನೀರನ್ನು ಸುರುಳಿಯಲ್ಲಿ ಸುತ್ತಿಸಿ, ಹೊರಬಂದದ್ದು ಅದೇ ಬಕೆಟ್ಟಿಗೆ ಬೀಳಲಿ. ಶುರುವಿನಿಂದಲೇ ಐಸ್ ಬಳಸುವುದು ಬರೀ ಪೋಲು. ಕುದಿವ ವರ್ಟಿನ ಮುಂದೆ ಐಸ್ ಕ್ಷಣದಲ್ಲಿ ಕರಗುತ್ತದೆ, ಆ ಹಂತದಲ್ಲಿ 28 ಡಿಗ್ರಿ ನೀರೂ ತಕ್ಕಷ್ಟು ತಣ್ಣಗೇ. 20 ಲೀಟರನ್ನು 35ರಿಂದ 20 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ ಮೂರೂಮುಕ್ಕಾಲು ಕಿಲೋ ಐಸ್ ಸಾಕು. ಬಕೆಟ್, ಹೋಸ್, ಮೊದಲೇ ಇದ್ದ ನೀರು ಎಲ್ಲ ಸೇರಿ ತಿನ್ನುವುದರಿಂದ 5-6 ಕಿಲೋ ಇಟ್ಟುಕೊಳ್ಳಿ. ಪಂಪ್ ಇಲ್ಲದಿದ್ದರೆ ಹಿಂದಿನ ದಿನ 30 ಡಿಗ್ರಿಗೆ ತಂದ ವರ್ಟನ್ನು ಶುದ್ಧ ಮಾಡಿದ ಫರ್ಮೆಂಟರಿಗೆ (ಬಿಯರ್ ಹುದುಗಿಸುವ ಪಾತ್ರೆಗೆ) ಸುರಿದು, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಯೀಸ್ಟ್ ಹಾಕುವುದೂ ನಡೆಯುತ್ತದೆ. ಶುಚಿಯಲ್ಲಿ ಮಾತ್ರ ರಾಜಿ ಬೇಡ. ಇನ್ನೂ ಸುಲಭದ ದಾರಿ ಯೀಸ್ಟನ್ನೇ ಬದಲಿಸುವುದು. ನಾರ್ವೆಯ ರೈತಮನೆಗಳಿಂದ ಬಂದ ಕ್ವೈಕ್ ಯೀಸ್ಟುಗಳು 30-35 ಡಿಗ್ರಿಯಲ್ಲೂ ಕೆಟ್ಟ ರುಚಿ ಬಿಡದೆ ಕೆಲಸ ಮಾಡುತ್ತವೆ. ಅದನ್ನು ಬಳಸಿದರೆ ಐಸಿನ ಗೊಡವೆಯೇ ಇಲ್ಲ.

ವರ್ಟ್ ಒಳಗೆ, ನೀರು ಹೊರಗೆ ಎದುರುಬದುರಾಗಿ ಹರಿಯುವ ಕೌಂಟರ್‌ಫ್ಲೋ ಚಿಲ್ಲರ್ ಇದಕ್ಕಿಂತ ಬೇಗ ತಣಿಸುತ್ತದೆ, ನೀರೂ ಕಡಿಮೆ ಸಾಕು. ಆದರೆ ವರ್ಟ್ ಹರಿದ ಪೈಪಿನ ಒಳಗೆ ಏನು ಅಂಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಹಾಪ್ಸ್ ಸಿಕ್ಕಿಕೊಂಡರೆ ಫಜೀತಿ. 20 ಲೀಟರಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಚಿಲ್ಲರೇ ಇಲ್ಲದೆ ಬಿಸಿ ವರ್ಟನ್ನು ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾನಿಗೆ ತುಂಬಿ ಮುಚ್ಚಿ ರಾತ್ರಿಯಿಡೀ ಬಿಡುವ ಪದ್ಧತಿ ಆಸ್ಟ್ರೇಲಿಯಾದ ಮನೆ ಬಿಯರ್ ಮಾಡುವವರಲ್ಲಿ ಜೋರಾಗಿದೆ. ನೀರು ಉಳಿಯುತ್ತದೆ. ಹಾಪ್ಸಿನ ಲೆಕ್ಕ ಬದಲಿಸಿಕೊಳ್ಳಬೇಕು, ಕ್ಯಾನಿನಲ್ಲಿರುವ ವರ್ಟಿಗೆ ಮಾರನೇ ದಿನವೇ ಯೀಸ್ಟ್ ಹಾಕಬೇಕು. ಗಾಳಿಯಿಲ್ಲದೆ ವಾರಗಟ್ಟಲೆ ಇಟ್ಟರೆ ಬಾಟುಲಿಸಂ ವಿಷ ಹುಟ್ಟುವ ಅಪಾಯವಿದೆ.

ತಣಿಸಿ ಮುಗಿದ ಮೇಲೆ ಮೊದಲು ನಲ್ಲಿ ನಿಲ್ಲಿಸಿ, ಆಮೇಲೆ ಸುರುಳಿ ಎತ್ತಿ. ವರ್ಟನ್ನು 20 ನಿಮಿಷ ಹಾಗೇ ಬಿಟ್ಟು ಗಸಿ ಕೂತ ಮೇಲೆ ಫರ್ಮೆಂಟರಿಗೆ ಎತ್ತರದಿಂದ ಸುರಿಯಿರಿ. ಈಗ ನೊರೆ ಬರಬೇಕು, ಯೀಸ್ಟಿಗೆ ಆಮ್ಲಜನಕ ಬೇಕಾಗುವುದು ಈ ಹೊತ್ತಿನಲ್ಲೇ. ಸುರುಳಿಯ ಮೇಲಿನ ವರ್ಟ್ ಒಣಗುವ ಮೊದಲೇ ತೊಳೆದು, ಒಳಗಿನ ನೀರು ಊದಿ ತೆಗೆದು, ಒರೆಸಿ ಇಡಿ. ಕಂದು ಬಣ್ಣಕ್ಕೆ ತಿರುಗಿದ್ದ ತಾಮ್ರ ವರ್ಟಿನಿಂದ ಹೊರಬಂದಾಗ ಹೊಸದರಂತೆ ಹೊಳೆಯುತ್ತಿರುತ್ತದೆ. ವರ್ಟಿನ ಹುಳಿ ಆ ಪದರವನ್ನು ಕರಗಿಸಿರುತ್ತದೆ. ಅಷ್ಟು ತಾಮ್ರದಿಂದ ತೊಂದರೆಯಿಲ್ಲ, ಬಹುಪಾಲನ್ನು ಯೀಸ್ಟೇ ಹೀರಿಕೊಳ್ಳುತ್ತದೆ. ಹಸಿರು ಕಿಲುಬು ಕಂಡರೆ ಮಾತ್ರ ಹಾಗೇ ಇಳಿಸಬೇಡಿ, ಅದು ವಿಷ. ವಿನೆಗರಿನಲ್ಲಿ ನೆನೆಸಿ, ಉಜ್ಜಿ, ಚೆನ್ನಾಗಿ ತೊಳೆದು ಬಳಸಿ. ಹುದುಗಿದ ಬಿಯರಿಗೆ ಈ ಸುರುಳಿಯನ್ನು ಇಳಿಸಬೇಡಿ, ಆ ಹಂತದಲ್ಲಿ ತಾಮ್ರ ಬಿಯರನ್ನು ಬೇಗ ಹಳಸಲು ಮಾಡುತ್ತದೆ.